ಚಿನ್ನಿ ಬಡಿದ ಕಣ್ಣು: ಆಪರೇಷನ್ ಮುಗಿಯಿತು, ಪಟ್ಟಿ ಹಾಕಿಸಿಕೊಳ್ಳಲ್ಲ ಅಂತ ಹಟ

ತಿಪಟೂರಿನ ಅಮ್ಮ:
ಮಗನಿಗೆ ಆರು ವರ್ಷ. ಬೇಸಿಗೆ ರಜೆಯಲ್ಲಿ ದೊಡ್ಡ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು, ಇವನು ನೋಡುತ್ತಾ ನಿಂತಿದ್ದ. ಚಿನ್ನಿ ಹಾರಿ ಎಡಗಣ್ಣಿಗೇ ಬಡಿಯಿತು. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಹರಿದಿತ್ತು. ಬೆಂಗಳೂರಿಗೆ ಓಡಿದೆವು, ಅವತ್ತು ರಾತ್ರಿಯೇ ಹೊಲಿಗೆ ಹಾಕಿದರು. ಆಮೇಲೆ ಪೊರೆ ಬಂತು ಅಂತ ಇನ್ನೊಂದು ಆಪರೇಷನ್, ಒಳಗೆ ಲೆನ್ಸ್. ಈಗ ಕನ್ನಡಕ ಹಾಕಿ, ಚೆನ್ನಾಗಿರುವ ಬಲಗಣ್ಣಿಗೆ ದಿನಾ ಎರಡು ಗಂಟೆ ಪಟ್ಟಿ ಅಂಟಿಸಬೇಕಂತೆ. ಅಂಟಿಸಿದ ತಕ್ಷಣ ಅಳು, ಕಿತ್ತೆಸೆಯುತ್ತಾನೆ. ನಮ್ಮತ್ತೆ ಬೇರೆ, "ಸರಿಯಾಗಿರೋ ಒಂದು ಕಣ್ಣನ್ನೂ ಮುಚ್ತೀಯಲ್ಲೇ" ಅಂತಾರೆ. ಇದು ನಿಜಕ್ಕೂ ಬೇಕಾ? ನೀವೆಲ್ಲ ಹೇಗೆ ಮಾಡಿದಿರಿ?

ಹಳ್ಳಿಮನೆ:
ರಾತ್ರಿ ಎರಡು ಹನಿ ಹರಳೆಣ್ಣೆ ಬಿಡಿ ತಂಗಿ, ತಂಪಾಗುತ್ತೆ. ನಮ್ಮ ಕಡೆ ಎಲ್ಲರೂ ಹಾಕುತ್ತಾರೆ.

ಕನ್ನಡಕದವನು:
ಅಣ್ಣಾ, ದಯವಿಟ್ಟು ಬೇಡ. ಹೊಲಿಗೆ ಬಿದ್ದ ಕಣ್ಣಿಗೆ ಎಣ್ಣೆ, ಎದೆಹಾಲು, ಜೇನು ಏನೂ ಬಿಡಬಾರದು. ಸೋಂಕಾದರೆ ಕಣ್ಣೇ ಹೋಗಬಹುದು.

ಅಕ್ಕಾ, ನಾನು ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಪಟ್ಟಿ ಬೇಕೇ ಬೇಕು. ಈ ವಯಸ್ಸಿನಲ್ಲಿ ಮಿದುಳು ಇನ್ನೂ ನೋಡುವುದನ್ನು ಕಲಿಯುತ್ತಿರುತ್ತದೆ. ಎಡಗಣ್ಣಿನಿಂದ ಮಸುಕು ಚಿತ್ರ ಬಂದರೆ ಅದನ್ನು ಬಿಟ್ಟು ಬಲಗಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ದರೂ ಆ ಕಣ್ಣು ಸೋಮಾರಿಯಾಗಿಬಿಡುತ್ತದೆ. ದೊಡ್ಡವನಾದ ಮೇಲೆ ಸರಿಮಾಡುವುದು ಬಹಳ ಕಷ್ಟ. ಬೇಗ ಗುಣವಾಗಲಿ ಅಂತ ನೀವೇ ಹೊತ್ತು ಜಾಸ್ತಿ ಮಾಡಬೇಡಿ, ಒಳ್ಳೆಯ ಕಣ್ಣು ಮಂಕಾಗಬಹುದು. ಪಟ್ಟಿ ಚರ್ಮಕ್ಕೆ ಅಂಟಬೇಕು. ಕನ್ನಡಕದ ಗಾಜಿಗೆ ಹಚ್ಚಿದರೆ ಮಕ್ಕಳು ಸಂದಿಯಿಂದ ನೋಡುತ್ತಾರೆ, ಕಿಲಾಡಿಗಳು!

ಹೊಲಿಗೆ ಬಿಚ್ಚಿದ ಮೇಲೆ ಕನ್ನಡಕದ ನಂಬರ್ ಬದಲಾಗುತ್ತದೆ, ಗಾಬರಿ ಬೇಡ. ಗಾಜು ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ದು ಇರಲಿ, ಸುಲಭಕ್ಕೆ ಒಡೆಯಲ್ಲ. ಸ್ಟೀರಾಯ್ಡ್ ಹನಿ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಕಣ್ಣಿನ ಒತ್ತಡ ನೋಡಿಸುತ್ತಿರಿ. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ದೃಷ್ಟಿ ಕಮ್ಮಿಯಾದರೆ ಅವತ್ತೇ ಹೋಗಿ. ಏಟು ಬೀಳದ ಕಣ್ಣಿಗೂ ಇದೇ ಮಾತು. ಅಪರೂಪಕ್ಕೆ ಆ ಕಣ್ಣಿನೊಳಗೂ ಉರಿಯೂತ ಬರುವುದುಂಟು.

ಸಾಗರದ ಅಮ್ಮ:
ನನ್ನ ಮಗಳಿಗೆ ಪೆನ್ಸಿಲ್ ಚುಚ್ಚಿತ್ತು. ಮೊದಮೊದಲು ನಮ್ಮ ಮನೆಯಲ್ಲೂ ಇದೇ ರಂಪ. ಪಟ್ಟಿ ಹಾಕಿದಾಗ ಮಕ್ಕಳಿಗೆ ನಿಜಕ್ಕೂ ಸರಿಯಾಗಿ ಕಾಣಲ್ಲ, ಹಟ ಅಂತ ಬೈಯಬೇಡಿ. ಸುಮ್ನೆ ಕೂರಿಸಿದರೆ ಕಿತ್ತುಹಾಕುತ್ತಾರೆ, ಕೈಗೆ ಕೆಲಸ ಕೊಡಿ. ನಾನು ಮೊರದಲ್ಲಿ ಹೆಸರುಕಾಳು, ಅಲಸಂದೆ ಬೆರೆಸಿ ಕೊಡುತ್ತಿದ್ದೆ. ಮೊದಲು ಕೈಯಲ್ಲಿ ತಡವಿ ತಡವಿ ಆರಿಸುತ್ತಿದ್ದಳು. ಬರಬರುತ್ತಾ ಮೂಗು ಮೊರಕ್ಕೆ ತಾಗುವಷ್ಟು ಬಗ್ಗಿ, ನೋಡಿ ಆರಿಸತೊಡಗಿದಳು. ಚೌಕಾಬಾರವೂ ಆಡಿದೆವು, ಕವಡೆ ಎಣಿಸುವುದು ಅವಳದೇ ಕೆಲಸ. ಪಟ್ಟಿ ತೆಗೆಯುವಾಗ ಅಂಚಿಗೆ ಒದ್ದೆ ಬಟ್ಟೆ ಒತ್ತಿ, ನಿಧಾನವಾಗಿ ಬಿಡಿಸಿ. ಉರಿ ಆಗಲಿಲ್ಲ ಅಂದರೆ ನಾಳೆ ಅರ್ಧ ಜಗಳ ಕಮ್ಮಿ. ಅತ್ತೆಯವರನ್ನು ಮುಂದಿನ ಚೆಕಪ್‌ಗೆ ಕರೆದುಕೊಂಡು ಹೋಗಿ, ಡಾಕ್ಟರೇ ಹೇಳಲಿ.

ತಿಪಟೂರಿನ ಅಮ್ಮ:
ಕಾಳು ಆರಿಸೋದು ಇವತ್ತೇ ಶುರು ಮಾಡುತ್ತೇನೆ ಅಕ್ಕಾ. ಇನ್ನೊಂದು ಕೇಳಲಾ? ಎರಡು ಥರ ಹನಿ ಇದೆ, ಒಂದರ ಹಿಂದೆ ಒಂದು ಹಾಕಬಹುದಾ?

ಕನ್ನಡಕದವನು:
ನಡುವೆ ಐದು ನಿಮಿಷ ಬಿಡಿ. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ.