ಗರ್ಭಿಣಿಗೆ ಹೆಪಟೈಟಿಸ್ ಬಿ ಪಾಸಿಟಿವ್: ಮಗುವಿಗೆ ಹುಟ್ಟಿದ ದಿನವೇ ಏನೇನು ಕೊಡಿಸಬೇಕು?

ಪ್ರಶ್ನೆ
ತಂಗಿಗೆ ಏಳು ತಿಂಗಳು. ಎಚ್‌ಬಿಎಸ್‌ಎಜಿ (ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆಯೇ ಎಂದು ತೋರಿಸುವ ಪರೀಕ್ಷೆ) ಪಾಸಿಟಿವ್ ಎಂದು ತಾಯಿ ಕಾರ್ಡ್‌ನಲ್ಲಿ ಬರೆದಿದ್ದಾರೆ. ಕಣ್ಣು ಹಳದಿಯಾಗಿಲ್ಲ, ಸುಸ್ತೂ ಇಲ್ಲ. ಮಗುವಿಗೆ ಒಂದೂವರೆ ತಿಂಗಳಿಗೆ ಹೇಗೂ ಪೆಂಟಾವೇಲೆಂಟ್ (ಹೆಪಟೈಟಿಸ್ ಬಿ ಸೇರಿ ಐದು ರೋಗಗಳ ಲಸಿಕೆ) ಹಾಕುತ್ತಾರಲ್ಲ, ಅಷ್ಟು ಸಾಲದೇ? ಎದೆಹಾಲು ಕೊಡಬಹುದಾ?

ಉತ್ತರ 1
ಖಂಡಿತ ಸಾಲದು. ಸೋಂಕು ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲೇ. ದೊಡ್ಡವರಿಗೆ ತಗುಲಿದರೆ 100ರಲ್ಲಿ 95 ಮಂದಿಗೆ ತಾನಾಗಿ ವಾಸಿಯಾಗುತ್ತದೆ. ಹಸುಗೂಸಿಗೆ ತಗುಲಿದರೆ 100ಕ್ಕೆ 90ರಲ್ಲಿ ಕಾಯಂ ಉಳಿಯುತ್ತದೆ. ಎಷ್ಟೋ ವರ್ಷ ಏನೂ ತೋರಿಸಿಕೊಳ್ಳದೆ ಆಮೇಲೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು), ಲಿವರ್ ಕ್ಯಾನ್ಸರ್‌ವರೆಗೂ ಹೋಗಬಹುದು. ಕಾಮಾಲೆ ಕಾಣಲಿಲ್ಲ ಅಂತ ಸುಮ್ಮನಿರಬೇಡಿ.

ಹುಟ್ಟಿದ 12 ಗಂಟೆಯೊಳಗೆ ಎರಡು ಇಂಜೆಕ್ಷನ್ ಆಗಬೇಕು: ಒಂದು ತೊಡೆಗೆ 0.5 ಮಿ.ಲೀ. ಹೆಪಟೈಟಿಸ್ ಬಿ ಲಸಿಕೆ, ಇನ್ನೊಂದು ತೊಡೆಗೆ ವೈರಸ್ ತಡೆಯುವ ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ (ಎಚ್‌ಬಿಐಜಿ). ಎರಡನ್ನೂ ಒಂದೇ ಜಾಗಕ್ಕೆ ಚುಚ್ಚಬಾರದು. ಎಡವಟ್ಟಾಗುವುದು ಎಚ್‌ಬಿಐಜಿಯಲ್ಲೇ: ದುಬಾರಿ, ಎಲ್ಲ ಕಡೆ ಸ್ಟಾಕ್ ಇರುವುದಿಲ್ಲ, ಭಾನುವಾರ ರಾತ್ರಿ ಹೆರಿಗೆಯಾದರೆ ಪೇಚಾಟ. ಈಗಲೇ ಹೆರಿಗೆ ಆಸ್ಪತ್ರೆಯಲ್ಲಿ ಕೇಳಿ ಗೊತ್ತುಮಾಡಿಕೊಳ್ಳಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಆಮೇಲೆ 6, 10, 14ನೇ ವಾರದ ಪೆಂಟಾವೇಲೆಂಟ್ ತಪ್ಪಿಸಬೇಡಿ.

ಉತ್ತರ 2
ತಾಯಿಯನ್ನು ಮರೆಯಬೇಡಿ. ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿರುವ ವೈರಸ್) ಪ್ರಮಾಣ ಈಗಲೇ ನೋಡಿಸಿ. ಮಿ.ಲೀ.ಗೆ 2 ಲಕ್ಷ ಯೂನಿಟ್ ದಾಟಿದ್ದರೆ ಲಸಿಕೆ ಹಾಕಿದರೂ ಕೆಲವು ಮಕ್ಕಳಿಗೆ ದಾಟಿಬಿಡುತ್ತದೆ. ಅದಕ್ಕೇ 28ನೇ ವಾರದಿಂದ ವೈರಸ್ ಹತ್ತಿಕ್ಕುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಏಳು ತಿಂಗಳು ಅಂದರೆ ಕಾಯಲು ಸಮಯವಿಲ್ಲ. ಹೆರಿಗೆಯಾಯಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಲಿವರ್ ಊತ ಮರುಕಳಿಸಬಹುದು.

ಎದೆಹಾಲು ಧಾರಾಳವಾಗಿ ಕೊಡಲಿ. ತೊಟ್ಟು ಒಡೆದು ರಕ್ತ ಬರದಂತೆ ನೋಡಿಕೊಂಡರಾಯಿತು.

ಉತ್ತರ 3
ಮಗುವಿಗೆ 9 ತಿಂಗಳು ತುಂಬಿದ ಮೇಲೆ ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಎಸ್ (ರಕ್ಷಣೆ ಕೊಡುವ ಪ್ರತಿಕಾಯದ ಪ್ರಮಾಣ) ಎರಡೂ ಮಾಡಿಸಿ. ಅದಕ್ಕಿಂತ ಮೊದಲು ಮಾಡಿಸಿದರೆ ಎಚ್‌ಬಿಐಜಿಯ ಪ್ರತಿಕಾಯವೇ ಕಾಣಿಸಿ ಫಲಿತಾಂಶ ಕೆಡುತ್ತದೆ. ಆಂಟಿ-ಎಚ್‌ಬಿಎಸ್ 10 ಎಂಐಯು/ಮಿ.ಲೀ. ಅಥವಾ ಹೆಚ್ಚಿದ್ದು, ಎಚ್‌ಬಿಎಸ್‌ಎಜಿ ನೆಗೆಟಿವ್ ಇದ್ದರೆ ರಕ್ಷಣೆ ಸಿಕ್ಕಿದೆ.

ಗಂಡನಿಗೂ ಟೆಸ್ಟ್ ಆಗಲಿ. ಸೋಂಕಿಲ್ಲದಿದ್ದರೆ 0, 1, 6ನೇ ತಿಂಗಳು ಲಸಿಕೆ, ತೋಳಿನ ಮೇಲ್ಭಾಗಕ್ಕೆ. ಸೊಂಟಕ್ಕೆ ಹಾಕಿಸಿಕೊಂಡರೆ ಕೊಬ್ಬಿನಲ್ಲಿ ಉಳಿದು ಸರಿಯಾಗಿ ಹತ್ತುವುದಿಲ್ಲ. ರೇಜರ್, ಬ್ರಷ್, ನೇಲ್ ಕಟರ್ ಬೇರೆ ಇರಲಿ. ತಟ್ಟೆ, ಲೋಟ ಬೇರೆ ಮಾಡಿ ಆಕೆಯನ್ನು ನೋಯಿಸುವುದು ಬೇಡ, ಊಟದಿಂದ ಇದು ಹರಡುವುದಿಲ್ಲ.

ಪ್ರಶ್ನೆ ಕೇಳಿದವರು
ಎಚ್‌ಬಿಐಜಿ ಮೊದಲೇ ತಂದು ಮನೆಯ ಫ್ರಿಜ್‌ನಲ್ಲಿಟ್ಟುಕೊಳ್ಳಬಹುದಾ?

ಉತ್ತರ 1
ಆಸ್ಪತ್ರೆಯ ಫ್ರಿಜ್‌ನಲ್ಲೇ ಇರಿಸಲು ಕೇಳಿ, ಕರೆಂಟ್ ಹೋದರೂ ಅವರಲ್ಲಿ ವ್ಯವಸ್ಥೆ ಇರುತ್ತದೆ. ಮನೆಯಲ್ಲೇ ಇಡಬೇಕಾದರೆ 2ರಿಂದ 8 ಡಿಗ್ರಿ: ಬಾಗಿಲಲ್ಲೂ ಬೇಡ, ಫ್ರೀಜರ್‌ನಲ್ಲಂತೂ ಬೇಡವೇ ಬೇಡ. ಒಯ್ಯುವಾಗ ಬಾಟಲಿಗೂ ಐಸ್‌ಗೂ ನಡುವೆ ದಪ್ಪ ಬಟ್ಟೆ ಇರಲಿ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವ ಹಾಗಿಲ್ಲ.