ಅಪ್‌ಡೇಟ್: ಅರೆಯುವಾಗ ನಿಂತುಹೋಗಿದ್ದ ಮಿಕ್ಸಿ ಸರಿಯಾಯ್ತು

ಸಾರಿಗೆ ಮಸಾಲೆ ಅರೆಯುವಾಗ ಮಿಕ್ಸಿ ದಿಢೀರ್ ಅಂತ ನಿಂತಿತು, ಮತ್ತೆ ಓಡುತ್ತಿಲ್ಲ ಅಂತ ಕೇಳಿದ್ದೆನಲ್ಲ, ಈಗ ಸರಿಯಾಗಿದೆ. ಬೇರೆ ಪ್ಲಗ್ಗಿಗೆ ಹಾಕಿ ನೋಡಿದ್ದರಿಂದ ಏನೂ ಆಗಲಿಲ್ಲ. ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಬದಲಿಸುವ ಅಗತ್ಯವೂ ಬೀಳಲಿಲ್ಲ. ಕೆಲಸಕ್ಕೆ ಬಂದದ್ದು ತಳದಲ್ಲಿರುವ ಕೆಂಪು ಗುಂಡಿ, ಮೋಟಾರಿಗೆ ಭಾರ ಹೆಚ್ಚಾದರೆ ತಾನೇ ಹಾರಿ ಕರೆಂಟ್ ಕಡಿಯುವಂಥದ್ದು. ಪ್ಲಗ್ ತೆಗೆದು, ಅರ್ಧ ಗಂಟೆ ಆರಲು ಬಿಟ್ಟು ಒತ್ತಿದೆ. ಟಕ್ ಅಂತು, ಓಡಿತು. ಹೇಳಿದವರಿಗೆ ತುಂಬಾ ಥ್ಯಾಂಕ್ಸ್.

ಆದರೆ ಚಟ್ನಿ ಜಾರ್ ಇಟ್ಟ ಕೂಡಲೇ ಮತ್ತೆ ನಿಂತಿತು. ದೊಡ್ಡ ಜಾರ್‌ಗೆ ತೊಂದರೆಯೇ ಇಲ್ಲ. ಚಿಕ್ಕದನ್ನು ಬೋರಲು ಹಾಕಿ ಕಪ್ಲರ್ (ಜಾರನ್ನು ಮೋಟಾರಿಗೆ ಕೂಡಿಸುವ ತಳದ ತುಂಡು) ಕೈಯಲ್ಲಿ ತಿರುಗಿಸಿದರೆ ಅಲುಗಾಡಲೇ ಇಲ್ಲ! ಬ್ಲೇಡಿನ ಬುಷ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ಕೊಳವೆ, ಬಿಗಿದುಕೊಂಡಿತ್ತು, ಅದರ ಭಾರವೆಲ್ಲ ಮೋಟಾರಿನ ಮೇಲೆ. ರಿಪೇರಿ ಅಂಗಡಿಯಲ್ಲಿ ಹೊಸ ಬುಷ್ ಹಾಕಿಸಿದೆ. ಈಗ ಒಣಕೊಬ್ಬರಿಯೂ ನುಣ್ಣಗೆ ಬರುತ್ತಿದೆ. ನಿಮ್ಮಲ್ಲೂ ಗುಂಡಿ ಪದೇ ಪದೇ ಹಾರುತ್ತಿದ್ದರೆ ಸುಮ್ನೆ ಹೊಸ ಮಿಕ್ಸಿ ಕೊಳ್ಳಬೇಡಿ, ಮೊದಲು ಜಾರಿನ ಕಪ್ಲರ್ ಕೈಯಲ್ಲಿ ತಿರುಗಿಸಿ ನೋಡಿ.