ಪುಸ್ತಕದ ಕಪಾಟಿನ ತಟ್ಟು 2 ಮಿ.ಮೀ. ಗಿಡ್ಡ, ಎಂತ ಮಾಡುವುದು?

ಬದಿಯಡ್ಕದವ:
ಹಿತ್ತಿಲಿನ ಹಲಸಿನ ಮರ ಕಡಿಸಿ, ಮಿಲ್ಲಿನಲ್ಲಿ ಸೀಳಿಸಿ ಇಟ್ಟ ಹಲಗೆ ಉಂಟು, ಚೆನ್ನಾಗಿ ಒಣಗಿದೆ. ಮಗಳ ಪುಸ್ತಕಕ್ಕೆ ಸಣ್ಣ ಕಪಾಟು ಮಾಡುವಾ ಅಂತ ಹೊರಟೆ. ಬದಿಗೆ ಎರಡು ಹಲಗೆ, ನಡುವೆ ಮೂರು ತಟ್ಟು. ತಟ್ಟಿಗೆ ಒಂದೇ ಉದ್ದ ಹಲಗೆಯಲ್ಲಿ 600, 1200, 1800 ಅಂತ ಗುರುತು ಹಾಕಿ ಮೆಷಿನ್ ಗರಗಸದಲ್ಲಿ ಕುಯ್ದೆ. ಒಂದು ಸರಿ 600 ಬಂತು, ಮತ್ತಿನ ಎರಡೂ 598. ಜೋಡಿಸಿ ನೋಡಿದರೆ ತುದಿಯಲ್ಲಿ ಸಂದು ಕಾಣುತ್ತದೆ. ಫೆವಿಕಾಲಿಗೆ ಮರದ ಹುಡಿ ಕಲಸಿ ತುಂಬಿಸು ಅಂತ ಪಕ್ಕದ ಮನೆಯವರು. ಮಳೆಗಾಲಕ್ಕೆ ಮರ ಉಬ್ಬಿ ತಾನೇ ಮುಚ್ಚಿಕೊಳ್ಳಬಹುದಾ? ಬೇರೆ ಹಲಗೆ ಇಲ್ಲ.

ಕುಂಬಳೆ ಉಳಿ:
ಎರಡೂ ಒಂದೇ ಅಳತೆಯಲ್ಲಿ ಗಿಡ್ಡ ಆಗಿದೆ ಅಂದರೆ ನಿಮ್ಮ ಕೈಯದ್ದು ತಪ್ಪಲ್ಲ ಮಾರಾಯರೆ, ಗರಗಸ ತಿಂದದ್ದು. ಬ್ಲೇಡು ಹೋದ ದಾರಿಯಲ್ಲಿ ಅದರ ದಪ್ಪದಷ್ಟು ಮರ ಹುಡಿಯಾಗಿ ಹೋಗುತ್ತದೆ. ಒಂದು ಕುಯ್ದು, ಆಮೇಲೆ ಮುಂದಿನದ್ದಕ್ಕೆ ಗುರುತು ಹಾಕಬೇಕು.

ಈಗ 598ನ್ನು 600 ಮಾಡಲಿಕ್ಕೆ ಹೋಗಬೇಡಿ, 600ನ್ನು 598 ಮಾಡಿ. ಕಪಾಟು 2 ಮಿ.ಮೀ. ಸಣ್ಣದಾದರೆ ಯಾರಿಗೆ ಗೊತ್ತಾಗುತ್ತದೆ? ಮೂರೂ ಸಮ ಇದ್ದರಾಯ್ತು. ಆದರೆ 2 ಮಿ.ಮೀ. ತೆಗೆಯಲಿಕ್ಕೆ ಮತ್ತೆ ಗರಗಸ ಹಿಡಿಯಬೇಡಿ. ಒಂದು ಬದಿಗೆ ಹಿಡಿಯಲು ಮರ ಇಲ್ಲದಿದ್ದರೆ ಬ್ಲೇಡು ಜಾರುತ್ತದೆ. ಉದ್ದದ್ದನ್ನು ನಡುವೆ ಇಟ್ಟು, ಗಿಡ್ಡ ಎರಡನ್ನು ಆಚೀಚೆ ಇಟ್ಟು, ಒಂದು ತುದಿ ಸಮ ಮಾಡಿ ಕ್ಲ್ಯಾಂಪ್ ಬಿಗಿಯಿರಿ. ಇನ್ನೊಂದು ತುದಿಯಲ್ಲಿ ಹೊರಗೆ ಬಂದ ಆ ಚೂರನ್ನು ಹರಿತ ಕೀಸುಳಿಯಿಂದ ತೆಳ್ಳಗೆ ತೆಗೆಯಿರಿ. ಆಚೀಚಿನ ಹಲಗೆಗೆ ಕೀಸುಳಿ ತಾಗಿದಾಗ ನಿಲ್ಲಿಸಿ. ಒಂದೇ ಕಡೆಯಿಂದ ಕೊನೆವರೆಗೆ ತಳ್ಳಿದರೆ ಮೂಲೆ ಒಡೆದು ಹಾರುತ್ತದೆ. ಎರಡೂ ಅಂಚಿನಿಂದ ನಡುವಿಗೆ ಬನ್ನಿ.

ಕಪಾಟಿನ ಹಿಂಬದಿ ಮುಚ್ಚುವ ಪ್ಲೈವುಡ್ ಇನ್ನೂ ಕುಯ್ಯಲಿಲ್ಲ ತಾನೆ? ಚೌಕಟ್ಟು ನಿಂತ ಮೇಲೆ ಅದರ ಮೇಲೇ ಇಟ್ಟು ಗೆರೆ ಹಾಕಿ. ನಮ್ಮ ತಂದೆ ಟೇಪು ಹಿಡಿಯುತ್ತಿದ್ದದ್ದು ಮರ ಕೊಳ್ಳುವಾಗ ಮಾತ್ರ. ಕೆಲಸಕ್ಕೆ ಅಡಿಕೆ ಮರದ ಒಂದು ಸಲಕೆ, ಅದರಲ್ಲಿ ಚೂರಿಯ ಗೀಟು, ಅಷ್ಟೇ. ಎಲ್ಲ ತುಂಡಿಗೂ ಅದೇ ಸಲಕೆ.

ಮಂಜೇಶ್ವರ ಮರಗೆಲಸ:
ಉಳಿಯವರು ಹೇಳಿದ್ದು ಸರಿ, ಆದರೆ ನಾನಾದರೆ ಬದಿ ಹಲಗೆಯಲ್ಲಿ 6 ಮಿ.ಮೀ. ಆಳದ ತೋಡು ತೆಗೆದು ತಟ್ಟನ್ನು ಅದರೊಳಗೆ ಕೂರಿಸುತ್ತೇನೆ. ತುದಿ ಒಳಗೆ ಅಡಗುತ್ತದೆ, ಭಾರಕ್ಕೂ ಗಟ್ಟಿ. ಮೂರನ್ನೂ ಸಮ ಮಾಡುವ ಕೆಲಸ ಹೇಗೂ ತಪ್ಪುವುದಿಲ್ಲ, ಉದ್ದ ಇದ್ದದ್ದು ಬದಿಯನ್ನು ದೂಡಿ ನಿಲ್ಲಿಸುತ್ತದೆ.

ಹುಡಿ-ಫೆವಿಕಾಲ್ ಮೊಳೆಯ ತೂತಿಗೆ ಸರಿ, ಸಂದಿಗೆ ಬೇಡ. ಒಣಗಿದಾಗ ಕುಗ್ಗುತ್ತದೆ, ಮೇಲೆ ಪಾಲಿಶ್ ಹಿಡಿಯುವುದಿಲ್ಲ. ಹಲಸು ಈಗ ಹಳದಿ ಇದ್ದರೂ ಬರ್ತಾ ಬರ್ತಾ ಕಂದು ಆಗುತ್ತದೆ, ಆ ಕಲೆ ಮಾತ್ರ ಹಾಗೇ ಎದ್ದು ಕಾಣುತ್ತದೆ. ತುಂಬಿಸಲೇಬೇಕಾದರೆ ಅದೇ ಮರದ ತೆಳ್ಳಗಿನ ಸಿಬಿರು, ಎಳೆ ಒಂದೇ ದಿಕ್ಕಿಗೆ ಬರುವ ಹಾಗೆ.

ಮಳೆಯ ಆಸೆ ಬಿಡಿ. ಮರ ಉಬ್ಬುವುದು ಅಗಲಕ್ಕೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಿಮ್ಮ ಸಂದು ಉದ್ದದ ತುದಿಯಲ್ಲಿ.

ಮುಳ್ಳೇರಿಯ ಹೊಸಬ:
ಮಧ್ಯೆ ಒಂದು ಮಾತು. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ ಅಂತ ಬಡಿದು ಬಿಗಿ ಮಾಡುವವರಿದ್ದಾರೆ. ಅದು ಅಲ್ಲಾಡಬೇಕಾದದ್ದೇ. ಸಿಕ್ಕಿಸಿ ಎಳೆದಾಗಲೂ ಗೋಡೆಗೆ ಒತ್ತಿದಾಗಲೂ ಕೊಕ್ಕೆಯ ದಪ್ಪದಷ್ಟು ಸರಿದು ಲೆಕ್ಕ ಸರಿ ಮಾಡುತ್ತದೆ.

ಬದಿಯಡ್ಕದವ:
ಪ್ಲೈವುಡ್ ಕುಯ್ಯಲಿಲ್ಲ, ಪುಣ್ಯ. ಕೀಸುಳಿ ಭಾವನ ಹತ್ತಿರ ಉಂಟು. ಕ್ಲ್ಯಾಂಪ್ ಒಂದೇ ಇರುವುದು, ಸಾಕಾ?

ಕುಂಬಳೆ ಉಳಿ:
ಕೀಸುವ ತುದಿಯ ಹತ್ತಿರ ಕ್ಲ್ಯಾಂಪ್ ಹಾಕಿ. ಆಚೆ ತುದಿಗೆ ಹಳೇ ಬೈಕಿನ ಟ್ಯೂಬ್ ಸೀಳಿ ಬಿಗಿದು ಸುತ್ತಿ. ಕೀಸುಳಿಯ ಬಾಯಿ ಮೊದಲು ಮಸೆಯಿರಿ, ಭಾವನದ್ದು ಬೇರೆ.